ವ್ಯವಸಾಯ: ಒಂದು ತಿದ್ದುಪಡಿ

ಬಿಬವೇವಾಡಿಯ ನಮ್ಮ ಸೊಸೈಟಿಯ ಗೇಟಿಗೆ ಅವ್ವನ ಫ್ಲೆಕ್ಸ್ ಕಟ್ಟಿದ್ದರು. ಪುಣೆಯಲ್ಲಿ ಹುಟ್ಟುಹಬ್ಬಕ್ಕೂ ಫ್ಲೆಕ್ಸ್, ಸಾವಿಗೂ ಫ್ಲೆಕ್ಸ್. ಆಧಾರ್ ಕಾರ್ಡಿನ ಫೋಟೋವನ್ನೇ ಎಳೆದು ದೊಡ್ಡದು ಮಾಡಿದ್ದರಿಂದ ಅವ್ವನ ಮುಖ ಊದಿಕೊಂಡಿತ್ತು. ಎರಡು ಕಡೆ ದೀಪ, ಕೆಳಗೆ ಕಮಲ, ಮೇಲೆ ಮರಾಠಿಯಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ'. ಹೆಸರಿನ ಕೆಳಗೆ 'ಪ್ರೇಮಳ ಆಯಿ, ಆದರ್ಶ ಗೃಹಿಣಿ'.

ಪ್ರೀತಿಯ ತಾಯಿ ಅನ್ನುವುದಕ್ಕೆ ನನ್ನ ತಕರಾರಿಲ್ಲ. ಗೃಹಿಣಿ ಅನ್ನುವುದನ್ನು ಓದಿ ಮೈ ಉರಿದುಹೋಯಿತು. ಸೊಪ್ಪು ಕೊಳ್ಳುತ್ತಿದ್ದ ಪಕ್ಕದ ಮನೆಯ ಕಾಕೂ ನನ್ನ ಕೈ ಹಿಡಿದು, "ಕಿತೀ ಛಾನ್ ಲಿಹಿಲಂಯ" ಅಂದರು, ಎಷ್ಟು ಚೆನ್ನಾಗಿ ಬರೆದಿದ್ದಾರೆ ಅಂತ. ಅವರಿಗೆ ಏನು ಗೊತ್ತು ಪಾಪ. ಆದರೂ ಕೈ ಬಿಡಿಸಿಕೊಂಡೆ.

ಬರೆಸಿದವನು ನನ್ನ ತಮ್ಮ. ಅಲ್ಲೇ ನಿಂತು ಫೋನ್ ಮಾಡಿದೆ. ಅವನು ಖರಾಡಿಯ ಆಫೀಸಿನಲ್ಲಿದ್ದ. "ಮೀಟಿಂಗ್ನಾಗ ಅದೀನಿ ಅಕ್ಕಾ, ಸಂಜೀಮುಂದ ಮಾತಾಡೋಣ" ಎಂದು ಇಟ್ಟುಬಿಟ್ಟ. ತಾಯಿ ಸತ್ತು ಎಂಟು ದಿನವಾಗಿಲ್ಲ, ಅವನಿಗೆ ಮೀಟಿಂಗ್! ಸಂಜೆಯವರೆಗೆ ನಾನು ಒಲೆಯ ಮೇಲಿನ ಎಸರಿನ ಹಾಗೆ ಕುದಿಯುತ್ತ ಕೂತೆ.

ನಮ್ಮ ಅವ್ವ ಹನ್ನೊಂದು ವರ್ಷ ಉತ್ತರ ಕರ್ನಾಟಕದ ಒಂದು ರೇಡಿಯೋ ಕೇಂದ್ರದಲ್ಲಿ ವಾರ್ತೆ ಓದಿದವಳು. ಓದಿದ್ದಷ್ಟೇ ಅಲ್ಲ, ಸುದ್ದಿ ತಂದವಳು. ಇಟ್ಟಿಗೆಯಷ್ಟು ಭಾರದ ಟೇಪ್ ರೆಕಾರ್ಡರನ್ನು ಹೆಗಲಿಗೆ ಹಾಕಿಕೊಂಡು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೆಂಪು ಬಸ್ಸು ಹತ್ತಿ ಊರೂರು ತಿರುಗಿದವಳು. ಕೈಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟುತ್ತಿದ್ದಳು. ಕಾಗದ ಹಿಡಿದು ಓದುವಾಗ ಕೈ ತಿರುಗಿಸದೆ ಹೊತ್ತು ಕಾಣಬೇಕಲ್ಲ. ಸಾಯುವ ತನಕ ಹಾಗೇ ಕಟ್ಟಿದಳು. ರೊಟ್ಟಿ ಬಡಿಯುವಾಗ ಹಿಟ್ಟು ಮೆತ್ತಿ ಗಾಜು ಕಾಣದಂತಾದರೂ ಬಿಡಲಿಲ್ಲ.

ಆ ಹನ್ನೊಂದು ವರ್ಷಗಳ ಬಗ್ಗೆ ಅವಳು ನಮಗೆ ಮತ್ತೆ ಮತ್ತೆ ಹೇಳುತ್ತಿದ್ದದ್ದು ಒಂದೇ ಕಥೆ, ಅದೂ ತಾನು ಮಾಡಿದ ತಪ್ಪಿನ ಕಥೆ. ಹೊಳೆಗೆ ನೆರೆ ಬಂದಿತ್ತು. ತೀರಿಕೊಂಡವರ ಹೆಸರುಗಳನ್ನು ತಾಲೂಕು ಕಚೇರಿಯಿಂದ ಫೋನಿನಲ್ಲಿ ಬರೆದುಕೊಂಡು ಬೆಳಗಿನ ವಾರ್ತೆಯಲ್ಲಿ ಓದಿದಳು. ಒಂದು ಹೆಸರಿಗೆ ಪಕ್ಕದ ಊರನ್ನು ಸೇರಿಸಿ ಓದಿಬಿಟ್ಟಳು. ಆ ಪಕ್ಕದ ಊರಿನಲ್ಲೂ ಅದೇ ಹೆಸರಿನವನೊಬ್ಬ ಇದ್ದ, ಸಂತೆಗೆ ಹೋದವನು ನೆರೆಯಿಂದಾಗಿ ಆಚೆ ದಂಡೆಯಲ್ಲೇ ಉಳಿದಿದ್ದ. ಅವನ ಹೆಂಡತಿ ರೇಡಿಯೋ ಕೇಳಿ ಬಳೆ ಒಡೆದುಕೊಂಡಳು. ಮಧ್ಯಾಹ್ನ ಗಂಡ ನಡೆದುಕೊಂಡು ಮನೆಗೆ ಬಂದ.

ಸಂಜೆಯ ವಾರ್ತೆಯಲ್ಲಿ ತಿದ್ದುಪಡಿ ಓದಬೇಕಾಯಿತು. ಕಚೇರಿಯವರೇ ತಪ್ಪಾಗಿ ಹೇಳಿದ್ದರು ಎಂದು ಸೇರಿಸಲು ಅವ್ವ ಹೊರಟಾಗ ಅವಳ ಹಿರಿಯ ಸಂಪಾದಕರು ಕಾಗದ ಕಸಿದುಕೊಂಡು ಆ ಸಾಲು ಹೊಡೆದುಹಾಕಿದರಂತೆ. "ಮಾತು ಆಡಿದರ ಹೋತು, ಮುತ್ತು ಒಡೆದರ ಹೋತು ಅಂತಾರಲ್ಲವಾ, ರೇಡಿಯೋದಾಗ ಎರಡೂ ಕೂಡೇ ಹೋಗ್ತಾವ. ಕಾರಣ ಹೇಳಬ್ಯಾಡ. ತಪ್ಪು ಏನು, ಸರಿ ಏನು, ಇಷ್ಟ ಹೇಳು. ಯಾ ದನಿ ತಪ್ಪು ಓದೇದ, ಅದ ದನಿ ತಿದ್ದಬೇಕು" ಎಂದರಂತೆ.

ಅವ್ವ ಓದಿದಳು. ಮರುದಿನ ರಜೆ ಹಾಕಿ, ಒಂದು ಡಜನ್ ಹಸಿರು ಬಳೆ ಕಟ್ಟಿಸಿಕೊಂಡು, ಬಸ್ಸು ಹಿಡಿದು ಆ ಊರಿಗೆ ಹೋದಳು. ಆ ಹೆಣ್ಣುಮಗಳು ಬಳೆ ತೆಗೆದುಕೊಂಡಳು, ಆದರೆ ಒಳಗೆ ಬಾ ಎನ್ನಲಿಲ್ಲ. ನಾನು ಚಿಕ್ಕವಳಿದ್ದಾಗ ಕೇಳಿದ್ದೆ, ತಿದ್ದುಪಡಿ ಓದಿದ ಮೇಲೆ ಮತ್ತೆ ಯಾಕೆ ಹೋಗಿದ್ದೆ ಅಂತ. "ತಪ್ಪು ಕೇಳಿದವರೆಲ್ಲಾ ತಿದ್ದುಪಡಿ ಕೇಳಂಗಿಲ್ಲವಾ" ಅಂದಳು.

ಇಂಥವಳು ಗೃಹಿಣಿ! ಅದೂ ಆದರ್ಶ ಗೃಹಿಣಿ!

ಮದುವೆಯಾದ ಮೇಲೂ ಆರು ವರ್ಷ ಅವಳು ಕೆಲಸ ಬಿಡಲಿಲ್ಲ. ಅಪ್ಪ ಪುಣೆಯ ಒಂದು ಕಾರ್ಖಾನೆಯಲ್ಲಿ ಕ್ಲಾರ್ಕ್ ಆಗಿದ್ದ, ಎರಡು ವಾರಕ್ಕೊಮ್ಮೆ ಶನಿವಾರ ಬಂದು ಹೋಗುತ್ತಿದ್ದ. ನನಗೆ ದಮ್ಮು ಇತ್ತು. ತಮ್ಮ ಹೊಟ್ಟೆಯಲ್ಲಿದ್ದ. ನಾನು ಐದು ತುಂಬಿದ ವರ್ಷ ಅವ್ವ ರಾಜೀನಾಮೆ ಕೊಟ್ಟು ಪುಣೆಗೆ ಬಂದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮಹಾಪ್ರಾಣ ಅಲ್ಪಪ್ರಾಣ ತಿದ್ದಿ ತಿದ್ದಿ ಕಟ್ಟಿಕೊಂಡಿದ್ದ ದನಿ ಒಂದು ಅರ್ಜಿಯಲ್ಲಿ ನಿಂತುಹೋಯಿತು. ಅಂದಿನಿಂದ ಇಂದಿನವರೆಗೆ ನಮ್ಮ ಸೋದರತ್ತೆಯಿಂದ ಹಿಡಿದು ಎಲ್ಲರ ಬಾಯಲ್ಲೂ ಒಂದೇ ಮಾತು, ಮಕ್ಕಳಿಗಾಗಿ ತ್ಯಾಗ ಮಾಡಿದಳು, ಹುಡುಗಿಯ ದಮ್ಮಿಗಾಗಿ ಬಿಟ್ಟಳು. ನನ್ನ ಎದೆಯ ಸುಂಯ್ ಸುಂಯ್ ಸದ್ದಿಗೆ ಇವರು ಹೊರಿಸಿದ ಹೊರೆ ನೋಡಿ. ಇವಳಿಗೆ ಕೂಸು ನೋಡಿಕೊಳ್ಳಲು ಒಂದು ಕೈ ಸಹಾಯ ಬೇಕೇ ಎಂದು ಆಗ ಒಬ್ಬರೂ ಕೇಳಲಿಲ್ಲ. ಅಪ್ಪ ಅಲ್ಲಿಗೇ ಹೋಗಿ ಬೇರೆ ಕೆಲಸ ಹುಡುಕಬಹುದಲ್ಲ ಎಂದು ಯಾರ ತಲೆಗೂ ಹೊಳೆಯಲಿಲ್ಲ. ತ್ಯಾಗ ಅಂದುಬಿಟ್ಟರೆ ಅಂದವರ ಕೈ ಸ್ವಚ್ಛ.

ದೊಡ್ಡವಳಾದ ಮೇಲೆ ಅವಳನ್ನೇ ಕೇಳಿದೆ. "ತ್ಯಾಗ ಅಲ್ಲ" ಎಂದಳು. "ಬಿಟ್ಟೆ. ನೀವು ಬೇಕಾಗಿದ್ರಿ, ಬಿಟ್ಟೆ. ಬಿಟ್ಟ ದಿನ ಬಸ್ನ್ಯಾಗ ಅತಗೋತ ಬಂದೆ. ಎರಡೂ ಖರೆ. ಒಂದನ್ನ ಹೇಳಿ ಇನ್ನೊಂದು ಮುಚ್ಚಬ್ಯಾಡ್ರಿ."

ಪುಣೆಗೆ ಬಂದ ಮೊದಲನೇ ತಿಂಗಳಲ್ಲೇ ಅವಳು ಇನ್ನೊಂದು ತಪ್ಪು ಮಾಡಿದಳು. ನನ್ನನ್ನು ಮರಾಠಿ ಶಾಲೆಗೆ ಸೇರಿಸಲು ಹೋಗಿದ್ದಳು. ಹಿಂದಿ ಬರುತ್ತಿದ್ದುದರಿಂದ ಅಕ್ಷರ ಓದಲು ಬರುತ್ತಿತ್ತು, ಮರಾಠಿ ಇನ್ನೂ ಬರುತ್ತಿರಲಿಲ್ಲ. ಅರ್ಜಿಯಲ್ಲಿ 'ಆಯೀಚಾ ವ್ಯವಸಾಯ' ಎಂದು ಒಂದು ಕಾಲಂ. ವ್ಯವಸಾಯ ಅಂದರೆ ಕನ್ನಡದವರಿಗೆ ಹೊಲ, ನೇಗಿಲು. ತಾಯಿಯ ಹೆಸರಿನಲ್ಲಿ ಹೊಲ ಇದೆಯೇ ಎಂದು ಕೇಳುತ್ತಿದ್ದಾರೆ ಅಂದುಕೊಂಡು ಅವ್ವ ಠೀವಿಯಿಂದ 'ನಾಹೀ' ಎಂದು ಬರೆದಳು. ಇಲ್ಲ. ಮರಾಠಿಯಲ್ಲಿ ವ್ಯವಸಾಯ ಅಂದರೆ ಉದ್ಯೋಗ ಅಂತ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಹೇಳಿ ನಕ್ಕ.

ಅವ್ವ ನಗಲಿಲ್ಲ. ತಾಟು ಸರಿಸಿ, "ನನ್ನಿಂದ ಒಂದು ತಪ್ಪು ಆಗಿದೆ. ಅದನ್ನು ತಿದ್ದಬೇಕಾಗಿದೆ" ಎಂದಳು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಮನೆಯ ಮಾತು ಉತ್ತರದ ಕನ್ನಡ. ಅನ್ನ 'ಅದ', ಸಾರು 'ಅದ', ಸಿಟ್ಟೂ 'ಅದ'. 'ಇದೆ' ಅನ್ನುವ ಕನ್ನಡ ಅವ್ವನ ಮೈಕಿನ ಕನ್ನಡ. ಮನೆಯಲ್ಲಿ ಅದು ಅಪರೂಪಕ್ಕೆ ಹೊರಗೆ ಬರುತ್ತಿತ್ತು. ಅವಳು ಬೈದರೆ ನಾವು ಹೆದರುತ್ತಿರಲಿಲ್ಲ, ಬೈಗುಳವೆಲ್ಲ 'ಅದ' ಕನ್ನಡದಲ್ಲಿ ಬರುತ್ತಿತ್ತು, ಜೊತೆಗೆ ಒಂದು ತುತ್ತು ಬೆಲ್ಲ ತುಪ್ಪವೂ ಬರುತ್ತಿತ್ತು. 'ಇದೆ' ಎಂದಳೆಂದರೆ ಮಾತ್ರ ಅಪ್ಪನೂ ಸೇರಿ ಎಲ್ಲರೂ ನೆಟ್ಟಗೆ ಕೂರುತ್ತಿದ್ದೆವು. ಅದು ಹಿಂದೆ ತೆಗೆದುಕೊಳ್ಳುವ ಮಾತಲ್ಲ.

ಮರುದಿನ ನನ್ನ ಕೈ ಹಿಡಿದುಕೊಂಡೇ ಶಾಲೆಯ ಕಚೇರಿಗೆ ಹೋದಳು. ಅಷ್ಟರಲ್ಲಿ ಗುಮಾಸ್ತ 'ನಾಹೀ' ಹೊಡೆದು ಹಾಕಿ ತಾನೇ 'ಗೃಹಿಣೀ' ಎಂದು ಬರೆದಿದ್ದ. ಅವ್ವ ಹಿಂದಿಯಲ್ಲಿ ವಿವರಿಸಿದಳು. ಅವನು ತಲೆ ಎತ್ತದೆ, "ಆತಾ ಕಾಯ್ ಫರಕ್ ಪಡತೋ?" ಅಂದ. ಈಗ ಏನು ವ್ಯತ್ಯಾಸ ಬೀಳುತ್ತೆ. ಅವ್ವ ಹೋದಳು, ಮರುದಿನ ಮತ್ತೆ ಬಂದಳು. ಅದರ ಮರುದಿನವೂ ಬಂದಳು. ಅಷ್ಟರಲ್ಲಿ ವೃತ್ತನಿವೇದಿಕಾ ಎಂಬ ಪದವನ್ನು ಯಾರನ್ನೋ ಕೇಳಿ ಕಲಿತಿದ್ದಳು, ಮರಾಠಿಯಲ್ಲಿ ವಾರ್ತೆ ಓದುವವಳು ಅಂತ. ಮೂರನೇ ದಿನ ಮುಖ್ಯೋಪಾಧ್ಯಾಯಿನಿ ಹೊರಗೆ ಬಂದು, ಕಾಲಂನಲ್ಲಿ ಜಾಗವಿಲ್ಲದ್ದಕ್ಕೆ ಮೇಲೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ 'ಮಾಜೀ ವೃತ್ತನಿವೇದಿಕಾ' ಎಂದು ಬರೆದು ಸಹಿ ಹಾಕಿದರು. ಸಾಲಿನಲ್ಲಿದ್ದ ಉಳಿದ ತಾಯಂದಿರು ನೋಡುತ್ತಿದ್ದರು. ನನಗೆ ನಾಚಿಕೆಯಾಗಿ ಅವ್ವನ ಸೆರಗಿನ ಹಿಂದೆ ಮುಖ ಮುಚ್ಚಿಕೊಂಡಿದ್ದೆ.

ಆಮೇಲೆ ಅವಳು ನಮ್ಮನ್ನು ಬೆಳೆಸಿದಳು. ಅದನ್ನು ಸುಮ್ಮನೆ ಬೆಳೆಸಿದಳು ಅಂದರೆ ಆಗುವುದಿಲ್ಲ. ದಿನಾ ಬೆಳಿಗ್ಗೆ ಮರಾಠಿ ಪತ್ರಿಕೆಯನ್ನು ಡಬ್ಬಿಗಳ ಕಪಾಟಿಗೆ ಒರಗಿಸಿ, ರೊಟ್ಟಿ ಬಡಿಯುತ್ತ, ಅದನ್ನು ಕನ್ನಡದ ವಾರ್ತೆ ಮಾಡಿ ನಮಗೆ ಓದುತ್ತಿದ್ದಳು. ಒಳಮಣಿಕಟ್ಟು ನೋಡಿಕೊಂಡು ಸರಿಯಾಗಿ ಹತ್ತು ನಿಮಿಷ. ಮೂವರು ಕೇಳುಗರು, ಅದರಲ್ಲಿ ಒಬ್ಬ ತೊಟ್ಟಿಲಲ್ಲಿ. ನಾನು ಮರಾಠಿ ಶಾಲೆಯಲ್ಲಿ ಓದಿಯೂ ಹೀಗೆ ಕನ್ನಡ ಬರೆಯುತ್ತಿದ್ದೇನೆಂದರೆ ಅದು ಆ ಹತ್ತು ನಿಮಿಷದ ಋಣ. ನಮ್ಮ ಶಾಲೆಯ ಭಾಷಣಗಳಿಗೆ ಪೆನ್ಸಿಲಿನಿಂದ ಗೆರೆ ಹಾಕಿಕೊಡುತ್ತಿದ್ದಳು, ಒಂದು ಗೆರೆಗೆ ಅರ್ಧ ಉಸಿರು, ಎರಡು ಗೆರೆಗೆ ಪೂರ್ತಿ. ದಮ್ಮಿನ ಹುಡುಗಿಗೆ ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಕಲಿಸಿದ್ದು ಡಾಕ್ಟರಲ್ಲ, ಅವಳು.

ತಪ್ಪಿಗೆ ಮಾತ್ರ ಮನೆಯಲ್ಲೂ ರೇಡಿಯೋ ಕಾನೂನು. ತಮ್ಮ ಒಮ್ಮೆ "ಕಪ್ ಒಡೀತು" ಎಂದು ಅಳುತ್ತ ಬಂದ. "ಕಪ್ಪು ತಾನ ಒಡ್ಯಾಂಗಿಲ್ಲ. ಯಾರು ಒಡದ್ರು?" ಎಂದಳು. "ನಾ ಒಡದೆ" ಎನ್ನುವವರೆಗೆ ಬಿಡಲಿಲ್ಲ. ಕೈಜಾರಿತು, ಬೆಕ್ಕು ಬಂತು, ಅಕ್ಕ ದಬ್ಬಿದಳು, ಯಾವ ಕಾರಣವನ್ನೂ ಕೇಳಲಿಲ್ಲ. "ನಾ ಒಡದೆ" ಎಂದ ಮೇಲೆ ಎತ್ತಿಕೊಂಡು ಮುದ್ದಿಸಿದಳು.

ಭಾನುವಾರಗಳಂದು ಕೊಂಢವಾ ಬಡಾವಣೆಯ ಕಡೆ ಕಟ್ಟಡ ಕೆಲಸಕ್ಕೆ ಬಂದಿದ್ದ ನಮ್ಮ ಸೀಮೆಯ ಜನರ ಶೆಡ್ಡುಗಳಿಗೆ ಹೋಗುತ್ತಿದ್ದಳು. ನೀರಿನ ಟ್ಯಾಂಕರ್ ಬಂತೇ ಇಲ್ಲವೇ, ಯಾರ ಹೆಸರು ಏನು, ಯಾವ ಊರು, ಏನಾಯಿತು, ಎಲ್ಲವನ್ನೂ ಬರೆದುಕೊಂಡು ಬಂದು, ಮರಾಠಿಯಲ್ಲಿ ಪತ್ರ ಬರೆದು ವಾರ್ಡ್ ಕಚೇರಿಗೆ ಕೊಡುತ್ತಿದ್ದಳು. ಸಮಾಜಸೇವೆ ಚೆನ್ನಾಗಿದೆ ಎಂದು ಯಾರೋ ಹೊಗಳಿದಾಗ ಮುಖ ಸಿಂಡರಿಸಿ, "ಸೇವಾ ಅಲ್ರಿ, ವರದಿ" ಎಂದಿದ್ದಳು.

ಇದನ್ನೆಲ್ಲ ತಮ್ಮನ ಮೇಲೆ ಸುರಿಯಲು ಸಂಜೆಗೆ ಕಾದಿದ್ದೆ. ಅವನು ಬಂದು ಬೂಟು ಬಿಚ್ಚುವ ಮೊದಲೇ ಶುರು ಮಾಡಿದೆ.

"ಅವ್ವ ಏನಿದ್ಲು ಅಂತ ನಿನಗ ಗೊತ್ತಿಲ್ಲೇನೋ? ಗೃಹಿಣಿ ಅಂತ ಬರಸೀಯಲ್ಲ, ನಾಚಿಕಿ ಬರಲಿಲ್ಲೇನು?"

ಅವನು ಬಾಗಿಲಲ್ಲೇ ನಿಂತ. "ಫ್ಲೆಕ್ಸ್ ಮಾಡಾವ ಹೆಸರಿನ ಸ್ಪೆಲಿಂಗ್, ವಯಸ್ಸು ಎಲ್ಲಾ ಕಳಸ್ರಿ ಅಂದ. ನನ್ನ ಕಡೆ ಆಸ್ಪತ್ರಿ ಅರ್ಜಿ ಫೋಟೋ ಇತ್ತು, ಅದನ್ನ ಕಳಸಿದೆ. ಅವ ಅದ್ರಾಗ ಇದ್ದದ್ದನ್ನ ಹಾಕ್ಯಾನ" ಎಂದ. "ಯಾರೋ ಗುಮಾಸ್ತ ಬರದದ್ದನ್ನ ಹಂಗ ಹಾಕಸ್ತೀಯಾ?" ಎಂದು ಕೂಗಿದೆ. ಅವನು ಫೋನ್ ತೆರೆದು ನನ್ನ ಕೈಗೆ ಕೊಟ್ಟ.

ಅಕ್ಷರ ನನ್ನದು. 'ವ್ಯವಸಾಯ' ಎಂಬ ಕಾಲಂ. ಅದರ ಮುಂದೆ ನನ್ನ ದುಂಡು ಅಕ್ಷರದಲ್ಲಿ 'ಗೃಹಿಣೀ'.

"ನಿಂದ ಅಕ್ಷರ ಅಕ್ಕಾ" ಎಂದ ಅವನು, ಬಹಳ ಮೆಲ್ಲಗೆ. ಅವನು ಜೋರು ಮಾಡಿದ್ದರೆ ಎಷ್ಟೋ ವಾಸಿಯಿತ್ತು.

ಆಗ ಆ ಮಧ್ಯಾಹ್ನ ನೆನಪಾಯಿತು. ಅವ್ವ ಆಸ್ಪತ್ರೆಗೆ ಸೇರಿ ಮೂರನೇ ದಿನ. ನ್ಯುಮೋನಿಯಾ, ಮುಖಕ್ಕೆ ಮಾಸ್ಕ್. ಅಚ್ಚಾದದ್ದು ಏನು ಸಿಕ್ಕರೂ ಓದುವ ಚಟ ಅವಳಿಗೆ. ಕಾಲ ಬಳಿ ತೂಗುಹಾಕಿದ್ದ ಫೈಲನ್ನು ಕೈಸನ್ನೆ ಮಾಡಿ ತರಿಸಿಕೊಂಡಳು, ಕನ್ನಡಕ ಹಾಕಿಸಿಕೊಂಡಳು. ಮೊದಲನೇ ಹಾಳೆಯಲ್ಲೇ, ನಾನು ತುಂಬಿದ ಅರ್ಜಿಯಲ್ಲೇ, ಅವಳ ಕಣ್ಣು ಬಹಳ ಹೊತ್ತು ನಿಂತಿತು. ಮಾಸ್ಕ್ ಸರಿಸಿ, ಉಸಿರು ಕೂಡಿಸಿಕೊಂಡು, "ಇದರಲ್ಲಿ ಒಂದು ತಪ್ಪು ಇದೆ. ತಿದ್ದಿಸು" ಎಂದಳು.

ಇದೆ. ಅದ ಅಲ್ಲ, ಇದೆ. ನನಗೆ ಕೇಳಿಸಿತ್ತು. ನಾನು ಹಾಳೆಯ ಮೇಲೆ ಕಣ್ಣಾಡಿಸಿ, ವಯಸ್ಸು ಒಂದು ವರ್ಷ ಹೆಚ್ಚು ಬಿದ್ದದ್ದನ್ನು ಕಂಡು, "ವಯಸ್ಸೇನು? ಇರ್ಲಿ ಬಿಡವ್ವಾ, ಈಗೇನು ಫರಕ ಬೀಳ್ತದ, ನಾಳೆ ಹೇಳ್ತೀನಿ. ಮೊದಲ ಮಾಸ್ಕ್ ಹಾಕ್ಕೋ" ಎಂದೆ. ಅವಳು ನನ್ನನ್ನೇ ನೋಡಿದಳು. ಆಮೇಲೆ ಕೈ ತಿರುಗಿಸಿ ಮಣಿಕಟ್ಟಿನ ಒಳಬದಿ ನೋಡಿಕೊಂಡಳು. ಗಡಿಯಾರ ಇರಲಿಲ್ಲ, ಸೂಜಿಗೆ ಅಂಟಿಸಿದ ಬಿಳಿ ಪಟ್ಟಿ ಇತ್ತು. ಫೈಲ್ ನನ್ನ ಕೈಗೆ ಕೊಟ್ಟಳು. ಮರುದಿನ ಬೆಳಿಗ್ಗೆ ಹೋಗಿಬಿಟ್ಟಳು.

ಆ ಗುಮಾಸ್ತನ ಮಾತನ್ನೇ ನಾನು ಅವಳಿಗೆ ಹೇಳಿದ್ದೆ. ನಲವತ್ತು ವರ್ಷ ಕಳೆದು, ಕನ್ನಡದಲ್ಲಿ.

ಅವ್ವ ಶಾಲೆಯ ಅರ್ಜಿಯಲ್ಲಿ ತಪ್ಪು ಬರೆದದ್ದು ಆ ಪದ ಗೊತ್ತಿಲ್ಲದೆ. ನನಗೆ ಗೊತ್ತಿತ್ತು. ನಾನು ಈ ಊರಿನಲ್ಲೇ ಬೆಳೆದವಳು, ವ್ಯವಸಾಯ ಅಂದರೆ ಏನು, ಆ ಕಾಲಂಗಾಗಿ ಅವಳು ಮೂರು ದಿನ ಹೇಗೆ ನಿಂತಿದ್ದಳು, ಎಲ್ಲ ಗೊತ್ತಿದ್ದವಳು. ಆ ದಿನ ಆಸ್ಪತ್ರೆಯ ಕಿಟಕಿಯ ಮುಂದೆ ನನ್ನ ಹಿಂದೆ ಎಷ್ಟು ಉದ್ದದ ಸಾಲಿತ್ತು, ಅವ್ವನನ್ನು ಸ್ಟ್ರೆಚರಿನ ಮೇಲೆ ಎಲ್ಲಿ... ಬೇಡ. ಕಾರಣ ಹೇಳಬಾರದು.

ಮರುದಿನ ಆಸ್ಪತ್ರೆಗೆ ಹೋದೆ. ದಾಖಲೆಗಳ ಕಿಟಕಿಯಲ್ಲಿದ್ದವನು ಸಭ್ಯ ಮನುಷ್ಯ. ಫೈಲ್ ಮುಚ್ಚಿದೆ ತಾಯೀ, ಇನ್ನು ತಿದ್ದಲು ಬರುವುದಿಲ್ಲ ಎಂದು ಮರಾಠಿಯಲ್ಲಿ ಎರಡು ಸಲ ಹೇಳಿದ. ಅದರ ಮರುದಿನ ಮತ್ತೆ ಹೋದೆ. ಮೂರನೇ ದಿನವೂ ಹೋದೆ. ಹೊರಗೆ ಬಂದು ಸಹಿ ಹಾಕುವ ಮುಖ್ಯೋಪಾಧ್ಯಾಯಿನಿ ಅಲ್ಲಿ ಯಾರೂ ಇರಲಿಲ್ಲ.

ಹದಿಮೂರನೇ ದಿನ ಸೊಸೈಟಿಯ ಹಾಲಿನಲ್ಲಿ ಊಟ. ಊಟಕ್ಕೆ ಮೊದಲು ನಾಲ್ಕು ಮಾತು. ನಮ್ಮ ಸೋದರತ್ತೆ ಎದ್ದು ನಿಂತು, "ಮಕ್ಕಳ ಸಲುವಾಗಿ ಎಲ್ಲಾ ತ್ಯಾಗ ಮಾಡಿದ ಮಹಾತಾಯಿ" ಎಂದು ಕಣ್ಣೊರೆಸಿಕೊಂಡಳು. ಮತ್ತೆ ಸಿಟ್ಟು ಬಂತು. ಆದರೆ ಆ ಸಿಟ್ಟನ್ನು ಅತ್ತೆಯ ಮೇಲೆ ಉಗುಳುವ ಹಕ್ಕು ನನಗೆ ಉಳಿದಿರಲಿಲ್ಲ. ನನ್ನ ಸರದಿ ಬಂದಾಗ ಕಾಗದ ತೆಗೆದೆ. ಪೆನ್ಸಿಲಿನಲ್ಲಿ ಗೆರೆ ಹಾಕಿಕೊಂಡಿದ್ದೆ, ಒಂದು ಗೆರೆಗೆ ಅರ್ಧ ಉಸಿರು, ಎರಡಕ್ಕೆ ಪೂರ್ತಿ. 'ಇದೆ' ಕನ್ನಡದಲ್ಲಿ ಓದಿದೆ.

"ಒಂದು ತಿದ್ದುಪಡಿ. ಗೇಟಿನ ಫಲಕದಲ್ಲಿ ನಮ್ಮ ತಾಯಿಯನ್ನು ಗೃಹಿಣಿ ಎಂದು ಹೇಳಿದ್ದೇವೆ. ಅದು ತಪ್ಪು. ಅವರು ಹನ್ನೊಂದು ವರ್ಷ ರೇಡಿಯೋದಲ್ಲಿ ವಾರ್ತೆ ಓದಿದವರು, ವರದಿಗಾರ್ತಿ. ಈ ತಪ್ಪನ್ನು ಆಸ್ಪತ್ರೆಯ ಅರ್ಜಿಯಲ್ಲಿ ಮೊದಲು ಬರೆದವಳು ನಾನು. ನಮ್ಮ ತಾಯಿ ಅದನ್ನು ಓದಿದ್ದರು. ತಿದ್ದಿಸು ಎಂದು ನನಗೆ ಹೇಳಿದ್ದರು. ನಾನು ತಿದ್ದಿಸಲಿಲ್ಲ. ಇಲ್ಲಿಗೆ ತಿದ್ದುಪಡಿ ಮುಗಿಯಿತು."

ಪಕ್ಕದ ಮನೆಯ ಕಾಕೂ ನನ್ನ ತಮ್ಮನನ್ನು, ಇವಳು ಏನು ಹೇಳಿದಳು ಎಂದು ಕೇಳಿದರು, ಅವನು ಮರಾಠಿಯಲ್ಲಿ ಒಂದು ಪದವೂ ಬಿಡದೆ ಹೇಳಿದ. ಅತ್ತೆ ನನ್ನ ಹತ್ತಿರ ಬಂದು, "ಇಷ್ಟು ಮಂದೀ ಮುಂದ ಇದು ಬೇಕಿತ್ತೇನವಾ?" ಎಂದು ಗದರಿದಳು. ಬೇಕಿತ್ತು ಎಂದೆ.

ಅಂದು ಸಂಜೆ ತಮ್ಮ ಫ್ಲೆಕ್ಸ್ ಇಳಿಸಿದ. ತಿದ್ದುಪಡಿಯನ್ನು ಎಂಬತ್ತು ಜನ ಕೇಳಿದ್ದರು. ಫೈಲಿನಲ್ಲಿ ಆ ತಪ್ಪನ್ನು ಮೊದಲು ಓದಿದವಳು ಅವರಲ್ಲಿ ಇರಲಿಲ್ಲ.